ಸರ್ಕಾರದ ಮನೆಗೆ ಅರ್ಜಿ ಹಾಕುವ ಮೊದಲು ಜಾಗದ ಕಾಗದ ನೋಡಿ

"ಅಕ್ಕಾ, ನಮಗೂ ಒಂದು ಮನೆ ಹಾಕಿಸಿಕೊಡಿ" ಅಂತ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ. ಜಾಗ ಯಾರ ಹೆಸರಿನಲ್ಲಿದೆ? ಒಂದು ಅವಧಿಗೆ ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಈಗಲೂ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಜೊತೆ ಕೂತು ಅರ್ಜಿ ತುಂಬಿಸುತ್ತೇನೆ. ಅರ್ಜಿ ತುಂಬುವುದು ಕಷ್ಟವಲ್ಲ. ಬಂದ ಮನೆ ಕೈತಪ್ಪುವುದು ಜಾಸ್ತಿ ಜಾಗದ ಕಾಗದ ಸರಿಯಿಲ್ಲದೆ.

ಹಳ್ಳಿಯಲ್ಲಿ ಸರ್ಕಾರ ಮನೆ ಕಟ್ಟಿ ಬೀಗದ ಕೈ ಕೊಡುವುದಿಲ್ಲ. ನಿಮ್ಮ ಜಾಗದಲ್ಲಿ ನೀವೇ ಕಟ್ಟಿಕೊಳ್ಳಲು ಹಣ ಕೊಡುತ್ತದೆ. ಆ ಜಾಗ ನಿಮ್ಮದು ಅಂತ ತೋರಿಸಲು ಹಕ್ಕುಪತ್ರ ಬೇಕು, ಇಲ್ಲವೇ ಈ-ಸ್ವತ್ತು, ಅಂದರೆ ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ ಬೇಕು. ಬಹಳ ಮನೆಗಳಲ್ಲಿ ಖಾತೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿರುತ್ತಾರೆ. ಹಾಗಿದ್ದರೆ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ಉಳಿದ ವಾರಸುದಾರರ ಒಪ್ಪಿಗೆ ಬರೆಸಿಕೊಂಡು, ಪಂಚಾಯಿತಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಅಳತೆ, ನಕ್ಷೆ ಅಂತ ಇದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಹೇಳುವುದು, ಮನೆಯ ಪಟ್ಟಿ ಬರಲಿ ಅಂತ ಕಾಯಬೇಡಿ, ಇವತ್ತೇ ಶುರು ಮಾಡಿ. ಜಾಗವೇ ಇಲ್ಲದವರು ನಿವೇಶನಕ್ಕೆ ಬೇರೆ ಅರ್ಜಿ ಕೊಟ್ಟು, ನಿವೇಶನ ರಹಿತರ ಪಟ್ಟಿಯಲ್ಲಿ ಹೆಸರು ಸೇರಿಸಲು ಕೇಳಬೇಕು.

ಹೆಸರನ್ನೂ ನೋಡಿಕೊಳ್ಳಿ. ಆಧಾರ್‌ನಲ್ಲಿ ಗಂಗಮ್ಮ, ರೇಷನ್ ಕಾರ್ಡಿನಲ್ಲಿ ಗಂಗವ್ವ, ಪಾಸ್‌ಬುಕ್ಕಿನಲ್ಲಿ ಗಂಗಾ ಅಂತಿದ್ದರೆ ಮುಂದೆ ಎಲ್ಲೋ ಒಂದು ಕಡೆ ಹಣ ನಿಲ್ಲುತ್ತದೆ. ಮನೆ ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿಗೇ ಮಂಜೂರಾಗುವುದರಿಂದ ಅವರ ಕಾಗದಗಳನ್ನೇ ಮೊದಲು ಸರಿಮಾಡಿಸಿ. ಬ್ಯಾಂಕ್ ಖಾತೆ ಎರಡು ಮೂರು ಇದ್ದರೆ ಆಧಾರ್ ಯಾವುದಕ್ಕೆ ಜೋಡಣೆಯಾಗಿದೆ ಅಂತ ತಿಳಿದಿರಬೇಕು. ಗೃಹಲಕ್ಷ್ಮಿ ಹಣ ಬೀಳುವ ಖಾತೆ ಯಾವುದು ನೋಡಿ, ಅದೇ. ಇದರ ಜೊತೆಗೆ ಆರ್‌ಡಿ ನಂಬರ್ (ನಾಡಕಚೇರಿ ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇಟ್ಟುಕೊಳ್ಳಿ.

ಯೋಜನೆಗಳ ಹೆಸರು ಹಲವು. ಮನೆ ಇಲ್ಲದ ಹಳ್ಳಿಯವರಿಗೆ ಬಸವ ವಸತಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ವಿಧವೆಯರು ಅಂಗವಿಕಲರಂಥವರಿಗೆ ದೇವರಾಜ ಅರಸು ವಸತಿ. ಇವನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನೋಡಿಕೊಳ್ಳುತ್ತದೆ. ಕೇಂದ್ರದ್ದು 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ. ಅದರಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ. ಶೌಚಾಲಯಕ್ಕೆ ಬೇರೆ 12,000 ಇದೆ. ಜಾಬ್ ಕಾರ್ಡ್ ಇದ್ದವರಿಗೆ ಸ್ವಂತ ಮನೆ ಕೆಲಸಕ್ಕೇ 90 ದಿನದ ಕೂಲಿ ಸೇರಿಸುವ ವ್ಯವಸ್ಥೆಯೂ ಇದೆ. ಆದರೆ ಈ ಯೋಜನೆಗೆ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಇರಲೇಬೇಕು. ನಿಮ್ಮ ಹೆಸರು ಇದೆಯಾ ಅಂತ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿ. ಪಟ್ಟಣದವರು ಪುರಸಭೆ ಅಥವಾ ನಗರಸಭೆಯಲ್ಲಿ ವಿಚಾರಿಸಿ. ಅಲ್ಲಿ ಕೇಂದ್ರದ ನಗರ ಯೋಜನೆಗೆ ಬಡವರ ವಿಭಾಗದಲ್ಲಿ ವರ್ಷದ ಆದಾಯ 3 ಲಕ್ಷದ ಒಳಗಿರಬೇಕು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು.

ಹಳ್ಳಿಯಲ್ಲಿ ಆಯ್ಕೆ ನಡೆಯುವ ಜಾಗ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದರೂ ಗ್ರಾಮಸಭೆಗೆ ಹೋಗಿ ಕೂರಿ. ಪಂಚಾಯಿತಿಗೆ ಬರುವ ಮನೆಗಳು ಕಡಿಮೆ, ಕೇಳುವವರು ಜಾಸ್ತಿ. ನಾಚಿಕೆ ಪಟ್ಟು ಹಿಂದಿನ ಸಾಲಿನಲ್ಲಿ ಸುಮ್ನೆ ಕೂರುವವರೇ ನಿಜವಾಗಿ ಗುಡಿಸಲಲ್ಲಿ ಇರುವವರು. ಇದನ್ನು ನೋಡಿ ನನಗೆ ಎಷ್ಟೋ ಸಲ ಹೊಟ್ಟೆ ಉರಿದಿದೆ. ಎದ್ದು ನಿಂತು ನಿಮ್ಮ ಮನೆಯ ಸ್ಥಿತಿ ಹೇಳಿ. ಮಾತು ಬರದಿದ್ದರೆ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಹೆಸರು ನಡವಳಿ ಪುಸ್ತಕದಲ್ಲಿ ಬರೆದದ್ದನ್ನು ನೋಡಿಕೊಂಡೇ ಬನ್ನಿ. "ಫೈಲು ಮುಂದಕ್ಕೆ ಹೋಗಬೇಕು" ಅಂತ ಯಾರೇ ದುಡ್ಡು ಕೇಳಿದರೂ ಕೊಡಬೇಡಿ. ಮನೆಗೆ ಹೆಸರು ಹಾಕಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ಮಂಜೂರಾತಿ ಆದೇಶ ಕೈಗೆ ಬರುವ ಮೊದಲು ತಳಪಾಯ ಹಾಕಬೇಡಿ. ಮೊದಲು ಖಾಲಿ ಜಾಗದ ಅಥವಾ ಹಳೇ ಮನೆಯ ಫೋಟೋ ಜಿಪಿಎಸ್ ಸಮೇತ ತೆಗೆಯುತ್ತಾರೆ. ಫೋಟೋ ತೆಗೆದ ಜಾಗದಲ್ಲೇ ಕಟ್ಟಬೇಕು. ನಮ್ಮ ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತ. ಒಂದೊಂದು ಹಂತದ ಫೋಟೋ ಏರಿದ ಮೇಲೆ ಬಿಲ್ ಆಗುತ್ತದೆ. ಅಂದರೆ ತಳಪಾಯದ ಖರ್ಚು ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು. ಬಡ್ಡಿ ಸಾಲಕ್ಕೆ ಹೋಗುವ ಮುಂಚೆ ಸಂಘದಲ್ಲಿ ಕೇಳಿ.

ಇನ್ನೊಂದು ಮಾತು ಖಂಡಿತ ಹೇಳಬೇಕು. ಈ ಹಣಕ್ಕೆ ದೊಡ್ಡ ಮನೆ ಆಗುವುದಿಲ್ಲ. ಕೇಂದ್ರದ ಯೋಜನೆ ಕೇಳುವುದು ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಆಸೆಯಿಂದ ಮೂರು ಕೋಣೆಗೆ ತಳಪಾಯ ತೆಗೆದು, ಲಿಂಟಲ್ ಮಟ್ಟದಲ್ಲೇ ನಿಂತ ಗೋಡೆಗಳು ಪ್ರತಿ ಊರಲ್ಲೂ ಇವೆ ಅಲ್ವಾ? ಮೊದಲು ಚಿಕ್ಕದಾಗಿ ಕಟ್ಟಿ ಮುಗಿಸಿ. ಮುಂದೆ ಕೈಯಲ್ಲಿ ಕಾಸು ಆಡಿದಾಗ ಪಕ್ಕಕ್ಕೆ ಬೆಳೆಸಬಹುದು.

ಹೆಸರು ಬಿಟ್ಟುಹೋಯಿತು, ಕಾರಣ ಯಾರೂ ಹೇಳುತ್ತಿಲ್ಲ ಅಂದರೆ ಜಗಳಕ್ಕೆ ನಿಲ್ಲಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಗ್ರಾಮಸಭೆ ನಡವಳಿ ಮತ್ತು ಆಯ್ಕೆ ಪಟ್ಟಿಯ ನಕಲು ಕೇಳಿ. ಬಿಪಿಎಲ್ ಕಾರ್ಡಿನವರಿಗೆ ಆ ಶುಲ್ಕವೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು.