ಕೈ ನೋಡ್ತಾ ಕಾಲು ಮರೀಬೇಡಿ: ಫ್ಲೆಕ್ಸಿಬಲ್ ಶಾಫ್ಟ್ ಮೋಟರ್ ಬಳಸುವಾಗ

ಬೆಂಗಳೂರಿನ ನಗರ್ತಪೇಟೆಯ ಗಲ್ಲಿಯಲ್ಲಿ ಅಕ್ಕಸಾಲಿಗರ ಅಂಗಡಿ ಇಣುಕಿದ್ದರೆ ಫ್ಲೆಕ್ಸಿಬಲ್ ಶಾಫ್ಟ್ ಮೋಟರ್ ಕಂಡೇ ಇರುತ್ತೀರಿ. ತಲೆಯ ಮೇಲೆ ಕೊಕ್ಕೆಗೆ ನೇತುಹಾಕಿದ ಪುಟ್ಟ ಮೋಟರ್, ಅದರಿಂದ ಇಳಿದ ಕಪ್ಪು ಪೈಪ್‌ನಂಥ ಶಾಫ್ಟ್, ತುದಿಯಲ್ಲಿ ಪೆನ್ನಿನ ಹಾಗೆ ಹಿಡಿಯುವ ಹ್ಯಾಂಡ್‌ಪೀಸ್, ಕಾಲಡಿ ಪೆಡಲ್. ನಾನು ಅಕ್ಕಸಾಲಿಗನಲ್ಲ. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಕಡೆಯಿಂದ ತೇಗದ ತುಂಡು ತಂದು, ಭಾನುವಾರ ಬಾಲ್ಕನಿಯಲ್ಲಿ ಕೂತು ಮನೆ ನಂಬರ್ ಕೆತ್ತುವವನು, ಅಷ್ಟೆ.

ಮೊದಲು ನನ್ನ ಪೆದ್ದುತನ ಕೇಳಿ. ಕೆತ್ತಲು ತುದಿಗೆ ಸಿಕ್ಕಿಸುವ ಬಿಟ್ ಬದಲಾಯಿಸುತ್ತಿದ್ದೆ, ಅದನ್ನು ಹಿಡಿದಿಡುವ ಚಕ್‌ನಲ್ಲಿ ಬಿಗಿ ಮಾಡುವ ಕೀ ಇನ್ನೂ ಸಿಕ್ಕಿಸಿಯೇ ಇತ್ತು, ಅಷ್ಟರಲ್ಲಿ ಒಳಗಿಂದ ಕಾಫಿಗೆ ಕರೆದರು ಅಂತ ಹಾಗೇ ತಿರುಗಿದೆ, ಕಾಲು ಪೆಡಲ್ ಮೇಲೆ ಬಿತ್ತು. ಕೀ ಹಾರಿ ಎದುರಿಗಿದ್ದ ಸ್ಟೀಲ್ ಡಬ್ಬಿಗೆ ಬಡಿಯಿತು. ಡಬ್ಬಿ ನೆಗ್ಗಿದೆ, ಇವತ್ತಿಗೂ ಮೊಳೆ ಹಾಕಿಡುವುದು ಅದರಲ್ಲೇ. ಅಲ್ಲಿ ನನ್ನ ಹಲ್ಲಿದ್ದಿದ್ದರೆ?

ಈ ಮೆಷಿನ್‌ನ ತಾಪತ್ರಯವೇ ಇದು. ಕಣ್ಣೆಲ್ಲ ಬಿಟ್‌ನ ತುದಿಯಲ್ಲಿ, ಸ್ವಿಚ್ ಮಾತ್ರ ಕಾಲಡಿ. ಹಾಗಾಗಿ ಬಿಟ್ ಮುಟ್ಟುವ ಮುಂಚೆ ಪೆಡಲನ್ನು ಕಾಲಲ್ಲಿ ದೂರ ತಳ್ಳಿ, ಪ್ಲಗ್ ಕಿತ್ತಿಡಿ. ನಾನು ಕೀಗೆ ಕೆಂಪು ದಾರ ಕಟ್ಟಿ ಪ್ಲಗ್ ಹತ್ತಿರವೇ ವೈರ್‌ಗೆ ಗಂಟು ಹಾಕಿದ್ದೇನೆ. ಪ್ಲಗ್ ಕೀಳದೆ ಕೀ ಚಕ್‌ವರೆಗೆ ಬರುವುದೇ ಇಲ್ಲ.

ಬಿಟ್‌ಗಳ ಕಡ್ಡಿ ಸಾಮಾನ್ಯವಾಗಿ 2.35 ಇಲ್ಲವೇ 3.2 ಮಿ.ಮೀ. ದಪ್ಪ ಇರುತ್ತದೆ. ನಿಮ್ಮ ಹ್ಯಾಂಡ್‌ಪೀಸ್‌ನಲ್ಲಿ ಕಾಲೆಟ್ (ಕಡ್ಡಿಯನ್ನು ಸುತ್ತಲಿಂದ ಬಿಗಿಹಿಡಿಯುವ ಪುಟ್ಟ ಕೊಳವೆ) ಇದ್ದರೆ ಕಡ್ಡಿಗೆ ತಕ್ಕದ್ದೇ ಹಾಕಿ, ಸಣ್ಣದನ್ನು ದೊಡ್ಡ ಕಾಲೆಟ್‌ಗೆ ಕಾಗದ ಸುತ್ತಿ ತುರುಕಬೇಡಿ. ಕಡ್ಡಿಯನ್ನು ಸಾಧ್ಯವಾದಷ್ಟು ಒಳಗೆ ಕೂರಿಸಿ. ಹೊರಗೆ ಉದ್ದ ಬಿಟ್ಟರೆ, ವೇಗ ಏರಿದಾಗ ಅದು ಬಗ್ಗಿ ಚಾಟಿಯ ಹಾಗೆ ಬೀಸುತ್ತದೆ. ಎಷ್ಟೋ ಮೋಟರ್‌ಗಳು ನಿಮಿಷಕ್ಕೆ 18,000 ಸುತ್ತಿನವರೆಗೆ ಹೋಗುತ್ತವೆ, ಆದರೆ ಎಲ್ಲ ಬಿಟ್‌ಗಳೂ ಅದನ್ನು ತಡೆಯುವುದಿಲ್ಲ. ವೈರ್ ಬ್ರಷ್ ಅಂತೂ ಜಾಸ್ತಿ ವೇಗದಲ್ಲಿ ಸೂಜಿಯಂಥ ಎಳೆಗಳನ್ನು ಉದುರಿಸುತ್ತದೆ. ಪ್ಯಾಕೆಟ್ ಮೇಲೆ ಬರೆದಿರುವ ವೇಗ ನೋಡಿ, ಬರೆದೇ ಇಲ್ಲದಿದ್ದರೆ ನಿಧಾನಕ್ಕೇ ಓಡಿಸಿ.

ಕನ್ನಡಕ ಕಡ್ಡಾಯ. ಓದುವ ಕನ್ನಡಕ ಅಲ್ಲ, ಪಕ್ಕವೂ ಮುಚ್ಚುವಂಥದ್ದು. ಕಟಿಂಗ್ ಡಿಸ್ಕ್ ಬಿಸ್ಕೆಟ್ ಇದ್ದ ಹಾಗೆ, ಸ್ವಲ್ಪ ಓರೆಯಾದರೂ ಪಟ್ ಅಂತ ಒಡೆಯುತ್ತದೆ. ಡಿಸ್ಕ್ ತಿರುಗುವ ಗೆರೆಗೆ ನೇರವಾಗಿ ಮುಖ ಇಡಬೇಡಿ, ಹೊಸದನ್ನು ಹಾಕಿದಾಗ ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಖಾಲಿ ಓಡಿಸಿ. ಗ್ಲೌಸ್ ಹಾಕಿದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಇಲ್ಲಿ ಬೇಡ, ಬಟ್ಟೆಯ ಎಳೆ ಬಿಟ್‌ಗೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಅದೇ ಕಾರಣಕ್ಕೆ ದುಪಟ್ಟಾ, ಸರ, ಬಿಟ್ಟ ಕೂದಲು, ಬರೀ ಮೈಯಲ್ಲಿ ಕೂತರೆ ಜನಿವಾರ ಕೂಡ. ತೇಗದ ಪುಡಿ ಮೂಗಿಗೂ ಚರ್ಮಕ್ಕೂ ಆಗಿಬರುವುದಿಲ್ಲ, ಕಲ್ಲಿನ ಪುಡಿ ಇನ್ನೂ ಕೆಟ್ಟದ್ದು. ಕೋವಿಡ್ ಕಾಲದ ಎನ್ 95 ಮಾಸ್ಕ್ ಮೂಲೆಯಲ್ಲಿ ಬಿದ್ದಿದ್ದರೆ ಸುಮ್ನೆ ತೆಗೆದು ಹಾಕಿಕೊಳ್ಳಿ.

ಶಾಫ್ಟ್ ಒಳಗೆ ತಿರುಗುವುದು ಉಕ್ಕಿನ ತಂತಿಗಳನ್ನು ಬಿಗಿಯಾಗಿ ಸುತ್ತಿ ಮಾಡಿದ ಎಳೆ. ಮೋಟರನ್ನು ಎತ್ತರದಲ್ಲಿ, ಶಾಫ್ಟ್ ದೊಡ್ಡ ಬಾಗಿನಲ್ಲಿ ಮೇಜಿಗೆ ಇಳಿಯುವ ಹಾಗೆ ನೇತುಹಾಕಿ. ಹಠಾತ್ತಾಗಿ ಮಡಿಸಿದರೆ ಒಳಗೆ ಉಜ್ಜಿ ಬಿಸಿಯಾಗುತ್ತದೆ, ಕೊನೆಗೊಮ್ಮೆ ತುಂಡಾಗುತ್ತದೆ. ಪೆಡಲನ್ನು ಒಮ್ಮೆಗೇ ತುಳಿದರೆ ಶಾಫ್ಟ್ ಜಗ್ಗಿ ಹ್ಯಾಂಡ್‌ಪೀಸ್ ಕೈಯಲ್ಲೇ ಕುಣಿಯುತ್ತದೆ. ಮೊದಲು ಗಾಳಿಯಲ್ಲಿ ನಿಧಾನಕ್ಕೆ ತಿರುಗಿಸಿ, ಆಮೇಲೆ ಮರಕ್ಕೆ ತಾಗಿಸಿ.

ಕೆತ್ತುವ ತುಂಡನ್ನು ಕ್ಲಾಂಪ್‌ನಲ್ಲಿ ಬಿಗಿದಿಡಿ, ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಬಿಟ್ ತಿರುಗುವುದಕ್ಕೆ ಎದುರಾಗಿ ತಳ್ಳಿ. ಅದು ತಿರುಗುವ ಕಡೆಗೇ ತಳ್ಳಿದರೆ ಅಂಚು ಹತ್ತಿ ಓಡಿಬಿಡುತ್ತದೆ. ಒತ್ತಬೇಡಿ. ಒತ್ತಬೇಕು ಅನ್ನಿಸಿದರೆ ಬಿಟ್ ಮೊಂಡಾಗಿದೆ ಅಂತ ಅರ್ಥ, ಎಸ್.ಪಿ. ರಸ್ತೆಗೆ ಹೋಗಿ ಹೊಸದು ತನ್ನಿ.

ಪೆಡಲ್ ಇಲ್ಲದೆ, ಸ್ವಿಚ್ ಆನ್ ಮಾಡಿಟ್ಟರೆ ಓಡುತ್ತಲೇ ಇರುವ ಮೆಷಿನ್‌ಗೆ ಶಾಫ್ಟ್ ಜೋಡಿಸಿದ್ದರೆ ಇನ್ನೊಂದು ವಿಷಯ. ಕರೆಂಟ್ ಹೋಗುವುದು ನಮ್ಮೂರಲ್ಲಿ ಹೊಸದಲ್ಲ. ಹೋದ ತಕ್ಷಣ ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಟೀ ಕುಡಿಯುವಾಗ ಕರೆಂಟ್ ಬಂದು, ಮೇಜಿನ ಮೇಲೆ ಅದು ತಾನೇ ಕುಣಿಯುತ್ತದೆ. ಅಮೆರಿಕದಿಂದ ಯಾರೋ ತಂದುಕೊಟ್ಟದ್ದಾದರೆ ಲೇಬಲ್ ಓದಿ, 120 ವೋಲ್ಟ್‌ನದ್ದನ್ನು ನಮ್ಮ 230 ವೋಲ್ಟ್‌ಗೆ ಹಾಗೇ ಹಾಕಿದರೆ ಸುಟ್ಟುಹೋಗುತ್ತದೆ.

ಶಾಫ್ಟ್‌ನ ಎಳೆ ಆಗಾಗ ಹೊರಗೆಳೆದು ಒರೆಸಿ, ಕಂಪನಿ ಹೇಳಿದ ಗ್ರೀಸನ್ನೇ ತೆಳ್ಳಗೆ ಸವರಿ. ಜಾಸ್ತಿ ಬಳಿದರೆ ಹ್ಯಾಂಡ್‌ಪೀಸ್‌ಗೆ ಇಳಿದು ಕೈಗೆಲ್ಲ ಅಂಟುತ್ತದೆ. ಕೆಲಸ ಮುಗಿದ ಕೂಡಲೇ ಬಿಟ್ಟನ್ನು ಬರಿಗೈಯಲ್ಲಿ ಬಿಚ್ಚಬೇಡಿ, ದೋಸೆ ಕಾವಲಿಯ ಹಾಗೆ ಕಾದಿರುತ್ತದೆ.