ಐವತ್ತು ಕಡ್ಡಿಗಳಲ್ಲಿ ಯಿನ್–ಯಾಂಗ್: ಯಿಜಿಂಗ್‌ನ ಗುವಾ ಬರೆಯುವ ಕ್ರಮ

ಯಿನ್ ಮತ್ತು ಯಾಂಗ್ ಸದಾ ಕಾದಾಡುವ ಎರಡು ಶಕ್ತಿಗಳು ಎಂದುಕೊಂಡರೆ ಚೀನಾದ ಈ ತತ್ತ್ವ ಕೈಗೆ ಸಿಗುವುದಿಲ್ಲ. ಒಂದು ತನ್ನ ತುತ್ತತುದಿ ಮುಟ್ಟಿದಾಗ ಇನ್ನೊಂದಾಗಿ ತಿರುಗುತ್ತದೆ ಎಂಬುದೇ ಅದರ ತಿರುಳು. ಭವಿಷ್ಯ ನೋಡಲು ಬಳಸುವ ಚೀನಾದ ಪ್ರಾಚೀನ ಗ್ರಂಥ ಯಿಜಿಂಗ್. ಅದರಲ್ಲಿ ಕಡ್ಡಿ ಎಣಿಸಿ ಗುವಾ, ಅಂದರೆ ಆರು ಗೆರೆಗಳ ಆಕೃತಿ, ಬರೆಯುತ್ತಾರೆ. ಈ ಎಣಿಕೆಯನ್ನು ಒಮ್ಮೆ ಕೈಯಾರೆ ಮಾಡಿದರೆ ಆ ತಿರುಳು ಲೆಕ್ಕದಲ್ಲೇ ಕಾಣುತ್ತದೆ. ಭವಿಷ್ಯ ಹೇಳುವುದರಲ್ಲಿ ನಂಬಿಕೆ ಇರಲೇಬೇಕೆಂದಿಲ್ಲ. ಕೆಳಗಿನದು 12ನೇ ಶತಮಾನದ ಚಿಂತಕ ಝು ಶಿ ವಿವರಿಸಿದ ಕ್ರಮ.

ಬೇಕಾದದ್ದು 50 ಕಡ್ಡಿ. ಚೀನಾದಲ್ಲಿ ಅಕಿಲಿಯಾ ಜಾತಿಯ ಗಿಡದ ಒಣಕಾಂಡ ಬಳಸುತ್ತಾರೆ. ನಮಗೆ ತೆಂಗಿನ ಗರಿಯ ಕಡ್ಡಿಯೋ ಮಸಾಲೆ ಹಚ್ಚದ ಊದುಬತ್ತಿ ಕಡ್ಡಿಯೋ ಸಾಕು. ಗೇಣುದ್ದ ಇರಲಿ, ದಪ್ಪ ಬೇಡ. ಬೆರಳ ಸಂದಿಯಲ್ಲಿ ನಿಲ್ಲಬೇಕು.

ಒಂದು ಕಡ್ಡಿಯನ್ನು ಪಕ್ಕಕ್ಕಿಡಿ. ಅದು ಯಿನ್–ಯಾಂಗ್ ಬೇರ್ಪಡುವ ಮುಂಚಿನ ಮೂಲ, ಕೊನೆಯವರೆಗೂ ಮುಟ್ಟಬಾರದು. ಉಳಿದ 49ನ್ನು ಎಣಿಸದೆ ಎರಡು ಪಾಲು ಮಾಡಿ. ಬಲಪಾಲಿನಿಂದ ಒಂದು ಕಡ್ಡಿ ತೆಗೆದು ಎಡಗೈಯ ಕಿರುಬೆರಳು–ಉಂಗುರಬೆರಳ ನಡುವೆ ಸಿಕ್ಕಿಸಿ. ಎಡಪಾಲನ್ನು ನಾಲ್ಕು ನಾಲ್ಕಾಗಿ ಕಳೆಯುತ್ತ ಬಂದು ಕೊನೆಗೆ ಉಳಿದದ್ದನ್ನು ಮುಂದಿನ ಸಂದಿಗೆ, ಬಲಪಾಲಿನಲ್ಲಿ ಹಾಗೆಯೇ ಉಳಿದದ್ದನ್ನು ಅದರ ಮುಂದಿನ ಸಂದಿಗೆ ಸೇರಿಸಿ. ಬೆರಳುಗಳ ನಡುವೆ ಒಟ್ಟು 5 ಅಥವಾ 9 ಇರಬೇಕು. ಇವನ್ನು ಬದಿಗಿಟ್ಟು, ಮಿಕ್ಕ 44 ಅಥವಾ 40 ಕಡ್ಡಿಗಳಿಂದ ಇದನ್ನೇ ಇನ್ನೆರಡು ಸಲ ಮಾಡಿ. ಆ ಎರಡು ಸಲವೂ 4 ಅಥವಾ 8 ಬರುತ್ತದೆ.

ಬೇರೆ ಸಂಖ್ಯೆ ಬಂತೆಂದರೆ ಸಾಮಾನ್ಯವಾಗಿ ಕಾರಣ ಒಂದೇ: ಪಾಲು ನಾಲ್ಕರಿಂದ ಪೂರ್ತಿ ಭಾಗವಾದಾಗ ಉಳಿಕೆ ಸೊನ್ನೆ ಎಂದುಕೊಂಡಿರುತ್ತೀರಿ. ಆಗ ಕೊನೆಯ ನಾಲ್ಕನ್ನೇ ಉಳಿಕೆಯಾಗಿ ಹಿಡಿಯಬೇಕು. ಬದಿಗಿಟ್ಟ ಕಡ್ಡಿಗಳನ್ನು ಮೂರು ಸುತ್ತು ಮುಗಿಯುವ ಮೊದಲೇ ವಾಪಸ್ ಸೇರಿಸುವುದು ಇನ್ನೊಂದು ತಪ್ಪು.

ಮೂರು ಸುತ್ತಿನ ನಂತರ 36, 32, 28 ಅಥವಾ 24 ಕಡ್ಡಿ ಉಳಿಯುತ್ತದೆ. ನಾಲ್ಕರಿಂದ ಭಾಗಿಸಿದರೆ 9, 8, 7, 6. ಬೆಸ ಸಂಖ್ಯೆಗೆ ಇಡೀ ಗೆರೆ, ಅದು ಯಾಂಗ್. ಸಮ ಸಂಖ್ಯೆಗೆ ನಡುವೆ ಕಡಿದ ಗೆರೆ, ಅದು ಯಿನ್. 7 ಮತ್ತು 8 ಎಳೆಯವು, ನಿಲ್ಲುತ್ತವೆ. 9 ಮತ್ತು 6 ಹಣ್ಣಾದವು, ಎದುರಿನದಾಗಿ ತಿರುಗುತ್ತವೆ. ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಹೀಗೆ ಆರು ಗೆರೆ, ಅಂದರೆ 18 ಸುತ್ತು. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಮೇಲಿನಿಂದ ಬರೆದರೆ ಬೇರೆಯದೇ ಗುವಾ ಆಗಿಬಿಡಬಹುದು.

ಕೆಳಗಿನಿಂದ 7, 7, 9, 8, 8, 8 ಬಂತೆನ್ನಿ. ಮೂರು ಇಡೀ ಗೆರೆ ಸೇರಿದರೆ ಆಕಾಶ, ಮೂರು ಕಡಿದ ಗೆರೆ ಸೇರಿದರೆ ಭೂಮಿ. ಹಾಗಾಗಿ ಇಲ್ಲಿ ಕೆಳಗೆ ಆಕಾಶ, ಮೇಲೆ ಭೂಮಿ: ಇದು 11ನೆಯ ಗುವಾ ‘ತಾಯ್’, ಸಮೃದ್ಧಿ. ತಲೆಕೆಳಗಾದ ಜೋಡಣೆ ಎನಿಸಬಹುದು. ಆದರೆ ಆಕಾಶದ ಗುಣ ಏರುವುದು, ಭೂಮಿಯದು ಇಳಿಯುವುದು, ಆದ್ದರಿಂದ ಇಲ್ಲಿ ಎರಡೂ ಸಂಧಿಸುತ್ತವೆ. ಆಕಾಶ ಮೇಲೆಯೇ ಇರುವ 12ನೆಯ ಗುವಾ ‘ಪಿ’ಯಲ್ಲಿ ಅವು ದೂರ ಸರಿಯುತ್ತವೆ, ಅದು ಸ್ತಬ್ಧತೆ. ವಿರುದ್ಧಗಳು ಎದುರಾಗುವುದೇ ಒಳ್ಳೆಯದೆಂಬ ಈ ನಿಲುವು ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರನೆಯ ಗೆರೆ ಹಣ್ಣಾಗಿದೆ, ಗ್ರಂಥದಲ್ಲಿ ಆ ಗೆರೆಗಿರುವ ಮಾತನ್ನು ಓದಬೇಕು: ಇಳಿಜಾರು ಬಾರದ ಸಮತಟ್ಟಿಲ್ಲ, ಮರಳಿಕೆಯಿಲ್ಲದ ಹೋಗುವಿಕೆಯಿಲ್ಲ. ಆ ಗೆರೆ ಯಿನ್ ಆದಾಗ 19ನೆಯದಾದ ‘ಲಿನ್’ ಸಿಗುತ್ತದೆ. ಎರಡು ಗೆರೆ ತಿರುಗುವಂತಿದ್ದರೆ ಎರಡನ್ನೂ ಓದಿ, ಮೇಲಿನದಕ್ಕೆ ಹೆಚ್ಚು ತೂಕ ಕೊಡಿ. ಯಾವುದೂ ತಿರುಗದಿದ್ದರೆ ಗುವಾದ ಮೂಲವಾಕ್ಯವನ್ನಷ್ಟೇ ಓದಿ.

ಮೂರು ನಾಣ್ಯ ಎಸೆಯುವ ಸುಲಭ ವಿಧಾನವೂ ಇದೆ, ಆದರೆ ಅದರಲ್ಲಿ 6 ಮತ್ತು 9 ಸಮವಾಗಿ ಬೀಳುತ್ತವೆ. ಕಡ್ಡಿಯಲ್ಲಿ ಪ್ರತಿ 16 ಗೆರೆಗೆ ಸರಿಸುಮಾರು ಮೂರು ಸಲ 9 ಬರುತ್ತದೆ, 6 ಒಂದೇ ಸಲ: ಯಾಂಗ್ ಬೇಗ ತಿರುಗುತ್ತದೆ, ಯಿನ್ ತಡೆದು ನಿಲ್ಲುತ್ತದೆ. ಈ ವ್ಯತ್ಯಾಸ ಬಿಟ್ಟುಕೊಡುವಂಥದ್ದಲ್ಲ. ಕಡ್ಡಿಗೆ ಸಮಯವಿಲ್ಲದವರು ಚೀಲದಲ್ಲಿ ನಾಲ್ಕು ಬಣ್ಣದ 16 ಮಣಿ ಹಾಕಲಿ: 6ಕ್ಕೆ ಒಂದು, 9ಕ್ಕೆ ಮೂರು, 7ಕ್ಕೆ ಐದು, 8ಕ್ಕೆ ಏಳು. ಪ್ರತಿ ಗೆರೆಗೂ ಒಂದು ಮಣಿ ತೆಗೆದು, ಬರೆದುಕೊಂಡು, ಮರಳಿ ಹಾಕಿ ಕುಲುಕಿಯೇ ಮುಂದಿನದನ್ನು ತೆಗೆಯಬೇಕು. ಇಲ್ಲವಾದರೆ ಪ್ರಮಾಣ ಕೆಡುತ್ತದೆ.