ಜರ್ಮನಿಯಲ್ಲಿ ಕಂಪನಿ ಕೈಕೊಟ್ಟರೆ: ಇನ್‌ಕ್ಯುಬೇಟರ್ ಮತ್ತು 3 ವಾರದ ಗಡುವು

ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳಿಗೆ ಆಸರೆ ಕೊಡುವ ಸಂಸ್ಥೆ, ಸೇರಿದರೆ ಕೂರಲು ಜಾಗ, ಮೆಂಟರ್, ನಾಲ್ಕು ಜನರ ಪರಿಚಯ ಸಿಗುತ್ತದೆ. ಅದು ನಿಮಗೆ ಗೊತ್ತು. ಯೂನಿವರ್ಸಿಟಿ ಮೂಲಕ ಜರ್ಮನ್ ಸರ್ಕಾರದ ಎಕ್ಸಿಸ್ಟ್ ಸ್ಟೈಪೆಂಡ್‌ಗೆ ಹೋಗುವುದಾದರೆ ಕಂಪನಿ ರಿಜಿಸ್ಟರ್ ಮಾಡಲು ಅವಸರ ಬೇಡ, ಅದು ಕಂಪನಿ ಹುಟ್ಟುವ ಮುಂಚಿನ ಹಂತದ ದುಡ್ಡು. ಆದರೆ ನಾನು ಜರ್ಮನಿಯಿಂದ ಶಿವಮೊಗ್ಗಕ್ಕೆ ವಾಪಸಾದ ಮೇಲೂ ಅಲ್ಲಿಂದ ಬರುವ ಫೋನುಗಳು ಇದರ ಬಗ್ಗೆ ಅಲ್ಲ. ನಮ್ಮ ಕಡೆಯವರು ಎಡವುವುದು ದುಡ್ಡು ಖಾಲಿಯಾಗುವ ಹೊತ್ತಿನಲ್ಲಿ.

ನಮ್ಮ ತಲೆಯಲ್ಲಿ ಕೂತಿರುವುದು ಅಡಿಕೆ ಮಂಡಿ ಲೆಕ್ಕ. ಮಳೆ ಜಾಸ್ತಿಯಾಯಿತು, ಕೊಳೆ ಬಂತು, ಫಸಲು ಹೋಯಿತು. ಮಂಡಿಯವರಿಗೆ 'ಮುಂದಿನ ಕೊಯ್ಲಿಗೆ ತೀರಿಸ್ತೀನಿ' ಅಂದರೆ ಬಡ್ಡಿ ಏರುತ್ತದೆ, ಅಷ್ಟೇ. ಜರ್ಮನಿಯಲ್ಲಿ ಹೀಗೆ ಮುಂದೂಡುವುದೇ ಅಪರಾಧ. ಜಿಎಂಬಿಎಚ್ (ಅಲ್ಲಿನ ಲಿಮಿಟೆಡ್ ಕಂಪನಿ) ಇರಲಿ, 1 ಯೂರೋದಲ್ಲಿ ಶುರುಮಾಡಿದ ಯುಜಿ (ಅದರದೇ ಚಿಕ್ಕ ರೂಪ) ಇರಲಿ, ಬಾಕಿ ತೀರಿಸಲು ಆಗದ ಸ್ಥಿತಿ ಬಂದರೆ ಹೆಚ್ಚೆಂದರೆ 3 ವಾರದೊಳಗೆ ಕೋರ್ಟಿಗೆ ದಿವಾಳಿ ಅರ್ಜಿ ಹಾಕಲೇಬೇಕು. ಆಸ್ತಿಗಿಂತ ಸಾಲ ಜಾಸ್ತಿಯಾಗಿ, ಮುಂದಿನ 12 ತಿಂಗಳು ಕಂಪನಿ ನಡೆಯುವ ಲಕ್ಷಣವೂ ಇಲ್ಲದಿದ್ದರೆ 6 ವಾರ. ಹೊಣೆ ಮ್ಯಾನೇಜಿಂಗ್ ಡೈರೆಕ್ಟರ್‌ದು, ಅಂದರೆ ನಿಮ್ಮದು. ತಪ್ಪಿದರೆ 3 ವರ್ಷದವರೆಗೆ ಜೈಲಾಗಬಹುದು. ದಿವಾಳಿ ಸ್ಥಿತಿ ಬಂದ ಮೇಲೆ ಕಂಪನಿ ಖಾತೆಯಿಂದ ಕೊಟ್ಟ ದುಡ್ಡನ್ನು ನಿಮ್ಮ ಜೇಬಿನಿಂದ ತುಂಬಿಕೊಡಬೇಕಾಗಿ ಬರಬಹುದು. 'ಲಿಮಿಟೆಡ್ ಕಂಪನಿ ಅಲ್ವಾ, ನನಗೇನು' ಎನ್ನುವವರು ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು ಕಥೆ, ಊರಿಂದ ಬಂದ ದುಡ್ಡಿನದು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬನಿಗೆ ಅಪ್ಪ ಅಡಿಕೆ ಮಾರಿದ ಹಣ ಕಳಿಸಿದರು. ಅವನು ಕಂಪನಿ ಪುಸ್ತಕದಲ್ಲಿ ಅದನ್ನು ಸಾಲ ಅಂತ ಬರೆದ. ಖಾತೆಗೆ ಹಣ ಬಂತು, ಸಾಲದ ಪಟ್ಟಿಯೂ ಅಷ್ಟೇ ಬೆಳೆಯಿತು. 'ಅಪ್ಪ ವಾಪಸ್ ಕೇಳ್ತಾರಾ?' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಉಳಿದವರ ಬಾಕಿಯೆಲ್ಲ ತೀರಿದ ಮೇಲಷ್ಟೇ ನನ್ನದು ಎಂದು ಅಪ್ಪ ಬರೆದುಕೊಡಬೇಕು. ಇದನ್ನು ರಾಂಗ್‌ರ್ಯೂಕ್‌ಟ್ರಿಟ್ ಎನ್ನುತ್ತಾರೆ. ಸರಿಯಾಗಿ ಬರೆಸಿದರೆ ಆಸ್ತಿ-ಸಾಲದ ತೂಕದಲ್ಲಿ ಆ ಹಣ ಲೆಕ್ಕಕ್ಕೆ ಬರುವುದಿಲ್ಲ. ಇನ್‌ಕ್ಯುಬೇಟರ್‌ಗೆ ಬರುತ್ತಿದ್ದ ವಕೀಲರೊಬ್ಬರು ಲೆಕ್ಕ ನೋಡುವಾಗ ಇದು ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ಅಪ್ಪನ ಪ್ರೀತಿಯೇ ಕಂಪನಿಗೆ ಉರುಳಾಗುತ್ತಿತ್ತು.

ಹಾಗಾಗಿ ಇನ್‌ಕ್ಯುಬೇಟರ್ ಆರಿಸುವಾಗ ಕಾಫಿ ಮೆಷಿನ್ ನೋಡಬೇಡಿ. ತಿಂಗಳಿಗೊಮ್ಮೆ ನಮ್ಮ ಬ್ಯಾಂಕ್ ಲೆಕ್ಕ ಕೂತು ನೋಡುವವರು ಇದ್ದಾರಾ, ದಿವಾಳಿ ಕಾನೂನು ಗೊತ್ತಿರುವ ವಕೀಲರು ಸಿಗುತ್ತಾರಾ ಎಂದು ಕೇಳಿ. ಆಮೇಲೆ ಅವರ ಹತ್ತಿರ ಏನೂ ಮುಚ್ಚಿಡಬೇಡಿ. ನಮ್ಮವರು ಮೆಂಟರ್ ಎದುರೂ 'ಎಲ್ಲ ಚೆನ್ನಾಗಿದೆ ಸಾರ್' ಎನ್ನುತ್ತಾರೆ, ಇದೇ ದೊಡ್ಡ ರೋಗ. ದುಡ್ಡು ಪೂರ್ತಿ ಮುಗಿಯುವ ಮುಂಚೆ ಹೋದರೆ ಸಾಲ ಕೊಟ್ಟವರ ಜತೆ ಹೊಸ ಒಪ್ಪಂದ ಮಾಡಿಕೊಳ್ಳಲು 2021ರಿಂದ ಬೇರೆ ಕಾನೂನೇ ಇದೆ. ಮುಗಿದ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ.

ಸಾಲ ಮಾಡಿದವನಿಗೆ ನಮ್ಮ ಮಂಡಿಯೇ ಮೇಲು ಅಂತ ನನಗೆ ಈಗಲೂ ಅನ್ನಿಸುತ್ತದೆ. ಕೆಲಸಗಾರನಿಗೆ ಮಾತ್ರ ಜರ್ಮನಿ ವಾಸಿ: ಕಂಪನಿ ದಿವಾಳಿಯಾದರೆ ಬಾಕಿ ಸಂಬಳವನ್ನು 3 ತಿಂಗಳವರೆಗೆ ಅಲ್ಲಿನ ಉದ್ಯೋಗ ಇಲಾಖೆ ಕೊಡುತ್ತದೆ.